ಊರಿಗೆಲ್ಲ ಗೊತ್ತಿದ್ದ ಗುಟ್ಟು

ಪತ್ತೇದಾರಿ ಕಥೆ ಎಂದೊಡನೆ ಕನ್ನಡ ಓದುಗರ ಒಂದು ತಲೆಮಾರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನೆನಪಾಗುತ್ತಾನೆ. ಇಂಗ್ಲಿಷಿನಲ್ಲಿ ಓದಿದವರಿಗೆ ಲಂಡನ್ನಿನ ಷರ್ಲಾಕ್ ಹೋಮ್ಸ್ ನೆನಪಾಗುತ್ತಾನೆ. ಇಂಥ ಕಥೆಗೆ ಮಹಾನಗರ ಹೇಳಿ ಮಾಡಿಸಿದ ನೆಲೆ. ಅಲ್ಲಿ ಒಬ್ಬರ ಗುರುತು ಒಬ್ಬರಿಗಿಲ್ಲ. ಆದಕಾರಣ ಕೊಂದವನನ್ನು ಹುಡುಕಲು ಜಾಣನೊಬ್ಬ ಬೇಕು. ಆತ ಬರುತ್ತಾನೆ, ಸುಳಿವುಗಳನ್ನು ಕೂಡಿಸುತ್ತಾನೆ, ಒಬ್ಬನತ್ತ ಬೆರಳು ತೋರುತ್ತಾನೆ. ಉಳಿದವರೆಲ್ಲ ನಿರ್ದೋಷಿಗಳೆಂದು ತೀರ್ಮಾನವಾಗಿ ಕಥೆ ಮುಗಿಯುತ್ತದೆ.

ಹಳ್ಳಿಯ ಮಾತು ಬೇರೆ. ಯಾರ ಹೊಲದ ಬದು ಎಲ್ಲಿಗೆ ಸರಿದಿದೆ, ಯಾರ ಮನೆಯ ಸಾಲ ಎಷ್ಟು, ಯಾರ ಬಸಿರು ಯಾರದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅಂಥ ಕಡೆ ಕೊಲೆಯಾದರೆ ಪತ್ತೆಗಿಂತ ಮುಂಚೆ ಏಳಬೇಕಾದ ಪ್ರಶ್ನೆಯೊಂದಿದೆ: ಇಷ್ಟೆಲ್ಲ ಗೊತ್ತಿದ್ದ ಊರು ಯಾಕೆ ಸುಮ್ಮನಿತ್ತು? ಗ್ರಾಮಾಂತರದಲ್ಲಿ ನಡೆದ ಹಿಂದಿನ ಕಾಲದ ಅಪರಾಧಗಳನ್ನು ಕುರಿತ ಜರ್ಮನ್ ಕಥನಗಳು ಎರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಪ್ರಶ್ನೆಯನ್ನು ಕೇಳುತ್ತ ಬಂದಿವೆ. ಅವನ್ನು ಒಗಟು ಬಿಡಿಸುವ ಮೋಜಿಗೆ ಓದಿದರೆ ನಿರಾಸೆಯಾದೀತು. ಊರೊಂದು ಕೊಡುವ ಸಾಕ್ಷ್ಯವೆಂದು ಓದಿದರೆ ಅವು ನಮ್ಮನ್ನು ಸುಲಭವಾಗಿ ಬಿಡುವುದಿಲ್ಲ. ಅವನ್ನು ಹಾಗೆಯೇ ಓದಬೇಕೆಂಬುದು ನಮ್ಮ ವಾದ.

ಈ ಪರಂಪರೆಯ ಹೊಸ್ತಿಲಲ್ಲಿ ನಿಂತಿರುವವರು ಮಹಾಕವಿ ಫ್ರೀಡ್ರಿಖ್ ಷಿಲ್ಲರ್. 1760ರಲ್ಲಿ ವುರ್ಟೆಂಬೆರ್ಗ್ ಸೀಮೆಯಲ್ಲಿ ಫ್ರೀಡ್ರಿಖ್ ಶ್ವಾನ್ ಎಂಬ ಕುಖ್ಯಾತ ದರೋಡೆಕೋರನನ್ನು ಮರಣದಂಡನೆಗೆ ಗುರಿಪಡಿಸಿದರು. ಅವನ ಬದುಕನ್ನು ಆಧರಿಸಿ ಷಿಲ್ಲರ್ 1786ರಲ್ಲಿ ಪ್ರಕಟಿಸಿದ ಕಥೆ ಮುಂದೆ ‘ಮಾನಗೆಟ್ಟು ಅಪರಾಧಿಯಾದವನು’ ಎಂಬರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ಹಳ್ಳಿಯ ಛತ್ರದವನ ಮಗ, ನೋಡಲು ಕುರೂಪಿ, ಮೆಚ್ಚಿದ ಹುಡುಗಿಗೆ ಉಡುಗೊರೆ ಕೊಡುವ ಆಸೆಯಿಂದ ದೊರೆಯ ಕಾಡಿನಲ್ಲಿ ಕದ್ದು ಬೇಟೆಯಾಡುತ್ತಾನೆ. ಹಿಡಿದುಕೊಟ್ಟವನು ಅದೇ ಹುಡುಗಿಯನ್ನು ಬಯಸಿದ ಅರಣ್ಯದ ಆಳು. ದಂಡ, ಸೆರೆಮನೆ, ಮತ್ತೆ ಸೆರೆಮನೆ. ಬಿಡುಗಡೆಯಾಗಿ ಬಂದವನಿಗೆ ಊರಿನಲ್ಲಿ ಕೂಲಿಯ ಕೆಲಸವೂ ದಕ್ಕುವುದಿಲ್ಲ. ಕೊಲೆ ಆಮೇಲಿನ ಮಾತು. ಷಿಲ್ಲರರಿಗೆ ಕುತೂಹಲವಿದ್ದದ್ದು ಕೃತ್ಯಕ್ಕೆ ಮುಂಚಿನ ಮನುಷ್ಯನಲ್ಲಿ. ಅವನನ್ನು ಹಂತಹಂತವಾಗಿ ಹೊರಗೆ ನೂಕಿದ ಕಾನೂನಿನಲ್ಲಿ ಮತ್ತು ನೆರೆಹೊರೆಯಲ್ಲಿ.

ಕಾಡು ಇಲ್ಲಿ ಕೇವಲ ಹಿನ್ನೆಲೆಯಲ್ಲ ಎಂಬುದನ್ನು ಗಮನಿಸಬೇಕು. ಜರ್ಮನ್ ಹಳ್ಳಿಗಾಡಿನ ಹಳೆಯ ಅಪರಾಧ ಕಥೆಗಳಲ್ಲಿ ಕಾಡೆಂದರೆ ಒಂದು ವ್ಯಾಜ್ಯ. ತಲೆತಲಾಂತರದಿಂದ ಸೌದೆ ತಂದ, ಹಂದಿ ಮೇಯಿಸಿದ ಕಾಡು ಯಾವುದೋ ಒಂದು ದಿನ ಒಡೆಯನ ಸೊತ್ತೆಂದು ಬರವಣಿಗೆಯಾಗುತ್ತದೆ. ನಿನ್ನೆಯ ವಾಡಿಕೆ ಇಂದಿನ ಕಳವಾಗುತ್ತದೆ. ಆನೆಟ್ ಫೊನ್ ಡ್ರೋಸ್ಟ-ಹ್ಯುಲ್ಸ್‌ಹೋಫ್ (1797–1848) ಬರೆದ ‘ಯೆಹೂದಿಯ ಬೀಚ್ ಮರ’ ಎಂಬ ನೀಳ್ಗತೆ ಹುಟ್ಟಿದ್ದು ಈ ಬಿರುಕಿನಲ್ಲಿಯೇ. ಅದು ಅಚ್ಚಾದದ್ದು 1842ರಲ್ಲಿ, ಅಂದರೆ ಹೆರ್ಮನ್ ಮೋಗ್ಲಿಂಗ್ ಎಂಬ ಇನ್ನೊಬ್ಬ ಜರ್ಮನ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತರುವುದಕ್ಕೆ ಒಂದು ವರ್ಷ ಮುಂಚೆ. ಅದೇ 1842ರ ಕೊನೆಯ ತಿಂಗಳುಗಳಲ್ಲಿ ತರುಣ ಕಾರ್ಲ್ ಮಾರ್ಕ್ಸ್ ಕಲೋನಿನ ಪತ್ರಿಕೆಯೊಂದರಲ್ಲಿ ಮರಗಳ್ಳತನದ ಕಾನೂನಿನ ಕುರಿತು ಲೇಖನಮಾಲೆ ಬರೆದರು. ಒಡೆತನದ ಮನೆಯಲ್ಲಿ ಹುಟ್ಟಿದ ಸಂಪ್ರದಾಯಸ್ಥ ಕ್ಯಾಥೊಲಿಕ್ ಕವಯಿತ್ರಿ ಮತ್ತು ಒಡೆತನವನ್ನೇ ಪ್ರಶ್ನಿಸಿದ ಪತ್ರಕರ್ತ ಒಂದೇ ವರ್ಷದಲ್ಲಿ ಒಂದೇ ಗಾಯವನ್ನು ಮುಟ್ಟಿದ್ದರು.

ಡ್ರೋಸ್ಟ ಅವರ ಕಥೆ ವೆಸ್ಟ್‌ಫಾಲಿಯಾದ ಗುಡ್ಡಗಾಡಿನದು. ಹದಿನೆಂಟನೆಯ ಶತಮಾನದ ನಡುಭಾಗದ್ದು. ಆಕೆಯ ತಾಯಿಯ ಮನೆತನದ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದು ಅದಕ್ಕೆ ಆಧಾರ. ಆ ಪ್ರಕರಣವನ್ನು ಅವರ ಸೋದರಮಾವ ಮೊದಲೇ ಬರೆದು ಪ್ರಕಟಿಸಿದ್ದರು. ಕಥೆಯ ಊರಿನಲ್ಲಿ ಮರಗಳ್ಳತನ ಮಾನಗೆಟ್ಟ ಕೆಲಸವಲ್ಲ, ಸಿಕ್ಕಿಬೀಳುವುದಷ್ಟೇ ಮಾನಗೆಟ್ಟದ್ದು. ನೀಲಿ ಅಂಗಿ ತೊಟ್ಟ ಕಳ್ಳರ ತಂಡ ರಾತ್ರೋರಾತ್ರಿ ಕಾಡು ಬೋಳಿಸುತ್ತದೆ. ತರುಣ ಫ್ರೀಡ್ರಿಖ್ ಮೆರ್ಗೆಲ್ ಒಂದು ನಸುಕಿನಲ್ಲಿ ಅರಣ್ಯಾಧಿಕಾರಿಗೆ ದಾರಿ ತೋರಿಸುತ್ತಾನೆ. ಆ ದಾರಿಯಲ್ಲಿ ಹೋದ ಅಧಿಕಾರಿಯ ತಲೆಗೆ ಕೊಡಲಿ ಬೀಳುತ್ತದೆ. ಹುಡುಗ ಪಾಪನಿವೇದನೆಗೆ ಹೊರಟಾಗ ತಡೆಯುವವನು ಅವನ ಸ್ವಂತ ಸೋದರಮಾವ. ಕೊಡಲಿ ಯಾರದೆಂದು ನ್ಯಾಯಾಲಯಕ್ಕೆ ತಿಳಿಯುವುದಿಲ್ಲ. ಮನೆಯೊಳಗೆ ಅದು ತಿಳಿದಿತ್ತೆಂಬ ಅನುಮಾನ ಓದುಗನ ಎದೆಯಲ್ಲಿ ಉಳಿದುಬಿಡುತ್ತದೆ.

ಮುಂದೆ ಒಂದು ಮದುವೆ. ಆರೋನ್ ಎಂಬ ಯೆಹೂದಿ ವ್ಯಾಪಾರಿ, ಸಾಲಕ್ಕೆ ಕೊಟ್ಟ ಬೆಳ್ಳಿಯ ಗಡಿಯಾರದ ಹಣವನ್ನು ಫ್ರೀಡ್ರಿಖನಿಂದ ಎಲ್ಲರೆದುರು ಕೇಳುತ್ತಾನೆ. ನೆರೆದವರು ನಗುತ್ತಾರೆ. ನಗುವಿನ ಮೊನೆ ಸಾಲಗಾರನತ್ತ ಮಾತ್ರವಲ್ಲ, ಸಾಲ ಕೊಟ್ಟ ಯೆಹೂದಿಯತ್ತಲೂ ತಿರುಗುತ್ತದೆ. ಅವನನ್ನು ಹಂದಿಯೊಂದಿಗೆ ತೂಗಿ ನೋಡಿ ಎಂಬಂಥ ಮಾತುಗಳು ಕೇಳಿಬರುತ್ತವೆ. ಕೆಲವು ದಿನಗಳಲ್ಲಿ ಆರೋನನ ಹೆಣ ಬೀಚ್ ಮರವೊಂದರ ಬಳಿ ಸಿಗುತ್ತದೆ. ಫ್ರೀಡ್ರಿಖ್ ಊರು ಬಿಟ್ಟು ಓಡುತ್ತಾನೆ. ಯೆಹೂದಿ ಸಮುದಾಯದವರು ಆ ಮರವನ್ನು ಕೊಂಡುಕೊಂಡು ಅದರ ಮೇಲೆ ಹೀಬ್ರೂ ಅಕ್ಷರಗಳನ್ನು ಕೆತ್ತಿಸುತ್ತಾರೆ. ಅವುಗಳ ಅರ್ಥವನ್ನು ಲೇಖಕಿ ಕಥೆಯ ಕಟ್ಟಕಡೆಯ ಸಾಲಿನವರೆಗೆ ಬಿಟ್ಟುಕೊಡುವುದಿಲ್ಲ. ಸುತ್ತಲಿನ ಮರಗಳೆಲ್ಲ ಉರುಳಿದರೂ ಅದೊಂದು ನಿಂತಿರುತ್ತದೆ. ಇಪ್ಪತ್ತೆಂಟು ವರ್ಷಗಳ ಬಳಿಕ, 1788ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ತುರ್ಕರ ಗುಲಾಮಗಿರಿಯಿಂದ ಬಿಡಿಸಿಕೊಂಡ ಮುರುಕು ದೇಹದ ಮುದುಕನೊಬ್ಬ ಊರಿಗೆ ಬರುತ್ತಾನೆ. ಕೆಲಕಾಲದಲ್ಲಿ ಅವನ ದೇಹ ಅದೇ ಮರಕ್ಕೆ ನೇತಾಡುತ್ತದೆ.

ಫ್ರೀಡ್ರಿಖನೇ ಕೊಂದನೆ? ನಡುವೆ ಬೇರೊಬ್ಬ ತಪ್ಪೊಪ್ಪಿಕೊಂಡ ಸುದ್ದಿಯೂ ಬಂದಿರುತ್ತದೆ. ವಿಮರ್ಶಕರು ಇಂದಿಗೂ ಜಗಳವಾಡುತ್ತಾರೆ. ಆ ಜಗಳ ಮುಗಿಯದಿರುವುದೇ ಸರಿ ಎಂದು ನಮಗನಿಸುತ್ತದೆ. ಒಬ್ಬನ ಕೊರಳಿಗೆ ಅಪರಾಧವನ್ನು ಕಟ್ಟಿದ ಕ್ಷಣ ಮದುವೆಮನೆಯ ನಗುವನ್ನು ನಾವು ಮರೆತುಬಿಡುತ್ತೇವೆ. ಡ್ರೋಸ್ಟ ಅದಕ್ಕೆ ಅವಕಾಶ ಕೊಡುವುದಿಲ್ಲ. ಯುರೋಗೆ ಮುಂಚಿನ ಇಪ್ಪತ್ತು ಮಾರ್ಕಿನ ನೋಟಿನ ಒಂದು ಬದಿಯಲ್ಲಿ ಡ್ರೋಸ್ಟ ಅವರ ಮುಖವೂ ಇನ್ನೊಂದು ಬದಿಯಲ್ಲಿ ಬೀಚ್ ಮರವೂ ಅಚ್ಚಾಗಿದ್ದವು. ಹೆಣ ಬಿದ್ದ ಮರವೊಂದರ ನೆನಪು ಒಂದು ದೇಶದ ಜೇಬುಗಳಲ್ಲಿ ಓಡಾಡಿತು ಎಂಬುದು ಸಣ್ಣ ಸಂಗತಿಯಲ್ಲ.

ಮರದ ಅಡಿಯ ಇನ್ನೊಂದು ಹೆಣ ಥಿಯೊಡೋರ್ ಫೊಂಟಾನ ಅವರದು. ಅವರ ‘ಪೇರ್ ಮರದಡಿ’ 1885ರಲ್ಲಿ ಮನೆಮಂದಿಯೆಲ್ಲ ಓದುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಥೆ ನಡೆಯುವುದು ಅದಕ್ಕೂ ಐದು ದಶಕ ಹಿಂದೆ, 1831ರಲ್ಲಿ, ಓಡರ್ ನದಿಯ ತಗ್ಗುಸೀಮೆಯ ಹಳ್ಳಿಯೊಂದರಲ್ಲಿ. ಸಾಲದಲ್ಲಿ ಮುಳುಗಿದ ಅಂಗಡಿಕಾರ ಹ್ರಾಡ್‌ಶೆಕ್ ತನ್ನ ಹಿತ್ತಿಲ ಪೇರ್ ಮರದಡಿ ಅಗೆಯುವಾಗ ಹಿಂದಿನ ಯುದ್ಧದಲ್ಲಿ ಸತ್ತ ಫ್ರೆಂಚ್ ಸೈನಿಕನೊಬ್ಬನ ಹೆಣ ಕಾಣುತ್ತದೆ. ಬಾಕಿ ವಸೂಲಿಗೆ ಬಂದ ಪ್ರಯಾಣಿಕನನ್ನು ಮುಗಿಸಿದ ಬಳಿಕ, ನೆರೆಯ ಮುದುಕಿ ನೋಡುವಂತೆಯೇ ಅವನು ಆ ಮರದಡಿ ಅಗೆಯುತ್ತಾನೆ. ಗುಮಾನಿ ಹುಟ್ಟಿ ಅಧಿಕಾರಿಗಳು ಅಗೆಸಿದಾಗ ಸಿಗುವುದು ಎಂದೋ ಸತ್ತ ಸೈನಿಕ. ಹ್ರಾಡ್‌ಶೆಕ್ ನಿರಪರಾಧಿ! ಅನುಮಾನಿಸಿದ ಊರೇ ನಾಚಿಕೊಂಡು ಅವನ ಅಂಗಡಿಯಲ್ಲಿ ಕುಡಿಯಲು ಕೂರುತ್ತದೆ.

ಕೊಂದವರಾರೆಂದು ಫೊಂಟಾನ ಬಚ್ಚಿಡುವುದೇ ಇಲ್ಲ. ಅವರ ಕಣ್ಣಿರುವುದು ಮಾತಿನ ಮೇಲೆ. ಮುದುಕಿ ಯೆಶ್ಕ ಆಡುವುದು ಹಳ್ಳಿಯ ಕೆಳಜರ್ಮನ್ ಆಡುನುಡಿ. ಪಾದ್ರಿ ಆಡುವುದು ಗ್ರಂಥದ ಜರ್ಮನ್. ಸತ್ಯದ ಹತ್ತಿರವಿರುವುದು ಮೊದಲಿನದು, ನ್ಯಾಯಾಲಯದಲ್ಲಿ ಬೆಲೆಯಿರುವುದು ಎರಡನೆಯದಕ್ಕೆ. ಮುದುಕಿಯನ್ನು ಊರು ಮಾಟಗಾತಿಯೆಂದು ನೋಡುವುದರಿಂದ ಅವಳ ಕಣ್ಣು ಕಂಡದ್ದು ಸಾಕ್ಷ್ಯವಾಗುವುದಿಲ್ಲ. ಗೊತ್ತಿರುವುದು ಒಂದು, ಗೊತ್ತಿದ್ದದ್ದನ್ನು ಆಡಲು ಅಧಿಕಾರವಿರುವುದು ಇನ್ನೊಂದು ಎಂಬ ಸೂಕ್ಷ್ಮವನ್ನು ಇಷ್ಟು ಸರಳವಾಗಿ ತೋರಿದ ಅಪರಾಧ ಕಥೆ ವಿರಳ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಜರ್ಮನ್ ಹಳ್ಳಿಯ ಮೇಲೆ ಬೇರೊಂದು ನೆರಳು ಬೀಳುತ್ತದೆ. ನಾಟ್ಸಿ ಆಡಳಿತ ರೈತನನ್ನು ಜನಾಂಗದ ಬೇರೆಂದು ಕೊಂಡಾಡಿತು. ನೆತ್ತರು ಮತ್ತು ನೆಲ ಎಂಬುದನ್ನು ಮಂತ್ರವಾಗಿಸಿತು. 1933ರಲ್ಲಿಯೇ ರೈತ ಹಿಡುವಳಿಗಳ ಉತ್ತರಾಧಿಕಾರಕ್ಕೆ ವಿಶೇಷ ಕಾನೂನು ತಂದಿತು. ಯುದ್ಧಕಾಲದಲ್ಲಿ ಪೋಲೆಂಡ್ ಮೊದಲಾದ ದೇಶಗಳಿಂದ ಬಲವಂತವಾಗಿ ತಂದ ಲಕ್ಷಾಂತರ ಜನ ಹೊಲಗಳಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ಇದಾವುದೂ ಹಳ್ಳಿಯಲ್ಲಿ ನಡೆದೇ ಇಲ್ಲವೆಂಬಂತೆ ಹೈಮಾಟ್‌ಫಿಲ್ಮ್ ಎಂಬ ಬಗೆಯ ಸಿನಿಮಾಗಳು ಬಂದವು. ‘ಹೈಮಾಟ್’ ಎಂದರೆ ತಾಯ್ನೆಲ, ತವರೂರು. 1950ರ ‘ಶ್ವಾರ್ಟ್ಸ್‌ವಾಲ್ಡ್‌ಮೇಡೆಲ್’ನಂಥ ಬಣ್ಣದ ಚಿತ್ರಗಳಲ್ಲಿ ಕಾಡು ಹಸಿರು, ಹಾಡು ಇಂಪು, ಜನ ಮುಗ್ಧರು. ಬಾಂಬಿಗೆ ನೆಲಸಮವಾದ ನಗರಗಳ ಜನ ಅವನ್ನು ಮುಗಿಬಿದ್ದು ನೋಡಿದರು.

ಆಂಡ್ರೆಯಾ ಮರಿಯಾ ಶೆಂಕೆಲ್ ಅವರ ಚೊಚ್ಚಲ ಕಾದಂಬರಿ ‘ಟಾನ್ಯೋಡ್’ (2006) ಈ ಬಣ್ಣದ ಪರದೆಯನ್ನು ಹರಿಯುತ್ತದೆ. ಇದಕ್ಕೆ ಆಧಾರ ಹಿಂಟರ್‌ಕೈಫೆಕ್ ಪ್ರಕರಣ. 1922ರ ಮಾರ್ಚ್ 31ರ ರಾತ್ರಿ ಬವೇರಿಯಾದ ಒಂಟಿ ಹೊಲಮನೆಯೊಂದರಲ್ಲಿ ಆರು ಮಂದಿ ಕೊಲೆಯಾದರು: ಮುದುಕ ದಂಪತಿ, ವಿಧವೆ ಮಗಳು, ಆಕೆಯ ಇಬ್ಬರು ಮಕ್ಕಳು, ಅದೇ ದಿನ ಕೆಲಸಕ್ಕೆ ಸೇರಿದ್ದ ಆಳುಹೆಣ್ಣು. ಹೆಣಗಳು ಕಂಡದ್ದು ಏಪ್ರಿಲ್ 4ರಂದು. ನಡುವಿನ ದಿನಗಳಲ್ಲಿ ಯಾರೋ ದನಗಳಿಗೆ ಮೇವು ಹಾಕಿದ್ದರು. ಹೊಲಮನೆಯನ್ನು ಮರುವರ್ಷ ಕೆಡವಿದರು. ಕೊಂದವರಾರೆಂಬುದು ನ್ಯಾಯಾಲಯದಲ್ಲಿ ಎಂದೂ ಸಾಬೀತಾಗಲಿಲ್ಲ. ಆ ಮನೆಯ ಯಜಮಾನ ಮಗಳೊಂದಿಗೆ ಇಟ್ಟುಕೊಂಡಿದ್ದ ಸಂಬಂಧ ಮಾತ್ರ ಊರಿಗಷ್ಟೇ ಅಲ್ಲ, ನ್ಯಾಯಾಲಯಕ್ಕೂ ಮೊದಲೇ ಗೊತ್ತಿತ್ತು. ಅದಕ್ಕಾಗಿ ಶಿಕ್ಷೆಯೂ ಆಗಿತ್ತು. ಆಮೇಲೆ ಎಲ್ಲವೂ ಮೊದಲಿನಂತೆಯೇ ನಡೆದುಕೊಂಡು ಹೋಯಿತು.

ಶೆಂಕೆಲ್ ಊರಿನ ಹೆಸರನ್ನು ಬದಲಿಸಿದರು, ಕಾಲವನ್ನೂ ಬದಲಿಸಿದರು. ಕಥೆಯನ್ನು 1950ರ ದಶಕಕ್ಕೆ, ಅಂದರೆ ಹೈಮಾಟ್ ಚಿತ್ರಗಳ ದಶಕಕ್ಕೇ ತಂದು ನಿಲ್ಲಿಸಿದರು. ಹೀಗಾಗಿ ಯುದ್ಧಕಾಲದಲ್ಲಿ ಆ ಹೊಲಮನೆಗೆ ದುಡಿಮೆಗೆ ತಂದಿದ್ದ ಪರದೇಶದ ಹೆಣ್ಣೊಬ್ಬಳ ಸಾವೂ ಊರಿನ ಮೌನದ ಲೆಕ್ಕಕ್ಕೆ ಸೇರುತ್ತದೆ. ಕಾದಂಬರಿಯಲ್ಲಿ ಪತ್ತೇದಾರನಿಲ್ಲ. ಪಾದ್ರಿ, ಅಂಚೆಯವನು, ಶಾಲೆಯ ಹುಡುಗಿ, ನೆರೆಯ ರೈತ, ಹೀಗೆ ಒಬ್ಬೊಬ್ಬರಾಗಿ ಬಂದು ತಮಗೆ ತಿಳಿದಷ್ಟನ್ನು ಹೇಳಿ ಹೋಗುತ್ತಾರೆ. ನಡುನಡುವೆ ಸತ್ತವರಿಗಾಗಿ ಹೇಳುವ ಕ್ಯಾಥೊಲಿಕ್ ಪ್ರಾರ್ಥನೆಯ ಪಲುಕುಗಳು. ಪ್ರತಿಯೊಬ್ಬರ ಮಾತಿನಲ್ಲಿಯೂ ಒಂದು ಎಳೆ ಸಮಾನ: ಅವರು ಸರಿಯಿರಲಿಲ್ಲ, ನಮಗೆ ಗೊತ್ತಿತ್ತು, ಆದರೆ ನಮಗೇಕೆ ಬೇಕು ಎಂಬ ಧಾಟಿ. ಈ ಪುಟ್ಟ ಪುಸ್ತಕಕ್ಕೆ 2007ರಲ್ಲಿ ಜರ್ಮನ್ ಕ್ರಿಮಿ ಪ್ರಶಸ್ತಿ ಬಂತು.

ನಿಜವಾಗಿ ಸತ್ತವರನ್ನು ಕಥೆಯ ಸರಕು ಮಾಡುವುದು ಸರಿಯೆ? ಈ ಆಕ್ಷೇಪಕ್ಕೆ ತೂಕವಿದೆ. ಪ್ರಕರಣದ ಬಗ್ಗೆ ಮೊದಲೇ ಪುಸ್ತಕ ಬರೆದಿದ್ದ ಪತ್ರಕರ್ತರೊಬ್ಬರು ಕೃತಿಚೌರ್ಯದ ದಾವೆ ಹೂಡಿದ್ದರು. ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ. ಅದು ಕಾನೂನಿನ ಮಾತಾಯಿತು. ನೀತಿಯ ಮಾತಿಗೆ ನಮಗೆ ದಾರಿ ತೋರುವುದು ಇನ್ನೊಂದು ಘಟನೆ. 2007ರಲ್ಲಿ ಬವೇರಿಯಾದ ಪೊಲೀಸ್ ಕಾಲೇಜಿನ ವಿದ್ಯಾರ್ಥಿಗಳು ಹಿಂಟರ್‌ಕೈಫೆಕ್ ಕಡತಗಳನ್ನು ಹೊಸದಾಗಿ ಪರಿಶೀಲಿಸಿದರು. ಅವರು ಒಬ್ಬನ ಮೇಲೆ ಗುಮಾನಿಗೆ ಬಂದರೂ, ಬದುಕಿರುವ ಬಂಧುಗಳ ಗೌರವಕ್ಕಾಗಿ ಆ ಹೆಸರನ್ನು ಬಹಿರಂಗಪಡಿಸಲಿಲ್ಲ. ಹೆಸರು ಹೇಳದೆಯೂ ಸತ್ಯವನ್ನು ಅರಸಬಹುದೆಂಬ ಈ ವಿವೇಕವೇ ‘ಟಾನ್ಯೋಡ್’ನಲ್ಲಿಯೂ ಇದೆ. ಹೆಸರು, ಕಾಲಗಳನ್ನು ಕಲ್ಪಿತವಾಗಿಸಿದ ಲೇಖಕಿ ಕೊಲೆಗಾರನನ್ನು ಹಿಡಿದುಕೊಟ್ಟೆನೆಂದು ಚರಿತ್ರೆಯ ಮುಂದೆ ಎದೆ ಸೆಟೆಸುವುದಿಲ್ಲ. ಒಂದು ಊರಿನ ದನಿಯನ್ನಷ್ಟೇ ದಾಖಲಿಸುತ್ತಾರೆ. ಹೆಣಗಳ ಚಿತ್ರ ತೋರಿಸಿ ದಿನಕ್ಕೊಂದು ಊಹೆ ಮಾರುವ ಇಂದಿನ ಅಪರಾಧ ಕಾರ್ಯಕ್ರಮಗಳಿಗಿಂತ ಕಾದಂಬರಿ ಸತ್ತವರಿಗೆ ಹೆಚ್ಚು ಮರ್ಯಾದೆ ತೋರಿದೆ ಎಂದೇ ನಮ್ಮ ಅಭಿಪ್ರಾಯ.

ಈ ಪ್ರಕಾರದ ಎಲ್ಲವೂ ಚಿನ್ನವೆಂದು ನಾವು ಹೇಳುತ್ತಿಲ್ಲ. ಪ್ರಾದೇಶಿಕ ಪತ್ತೇದಾರಿ ಕಥೆಗಳು ಜರ್ಮನಿಯಲ್ಲಿ ಈಗ ದೊಡ್ಡ ಮಾರುಕಟ್ಟೆ. ಅವುಗಳಲ್ಲಿ ಎಷ್ಟೋ ಪ್ರವಾಸಿ ಕೈಪಿಡಿಗೆ ಒಂದು ಹೆಣ ಸೇರಿಸಿದಂತಿರುತ್ತವೆ. ಚಾರಿತ್ರಿಕ ಎನಿಸಿಕೊಂಡವುಗಳಲ್ಲಿಯೂ ಹಳೆಯ ಉಡುಗೆ ತೊಟ್ಟು ಇಂದಿನ ಬುದ್ಧಿಯಲ್ಲಿ ಯೋಚಿಸುವ ನಾಯಕಿಯರು ಬೇಕಾದಷ್ಟಿದ್ದಾರೆ. ನಮ್ಮ ಮಟ್ಟಿಗೆ ಒರೆಗಲ್ಲು ಒಂದೇ: ಆ ನೆಲದ ಕಾನೂನು, ಸಾಲ, ಹಿಡುವಳಿ, ಧರ್ಮಗಳನ್ನು ತೆಗೆದುಬಿಟ್ಟರೂ ಅದೇ ಕೊಲೆ ನಡೆಯಬಹುದೆ? ನಡೆಯಬಹುದಾದರೆ ಊರು ಬರಿಯ ಪರದೆ. ಅರಣ್ಯದ ವ್ಯಾಜ್ಯವಿಲ್ಲದೆ ಡ್ರೋಸ್ಟ ಅವರ ಕಥೆಯಿಲ್ಲ. ಯುದ್ಧದ ಹಳೆಯ ಹೆಣವಿಲ್ಲದೆ ಫೊಂಟಾನ ಅವರ ಕಥೆಯಿಲ್ಲ. ಮೆಖ್ಟಿಲ್ಡ್ ಬೊರ್ಮನ್ ಅವರ, ‘ಮೌನ ಮುರಿಯುವವರು’ ಎಂದು ಹೆಸರನ್ನು ಕನ್ನಡಿಸಬಹುದಾದ ಕಾದಂಬರಿ (2011) ಕೂಡ ಇದೇ ಒರೆಗೆ ನಿಲ್ಲುತ್ತದೆ. 1998ರಲ್ಲಿ ತಂದೆಯ ಕಾಗದಪತ್ರಗಳ ನಡುವೆ ಸಿಕ್ಕ ಅಪರಿಚಿತ ಹೆಣ್ಣಿನ ಭಾವಚಿತ್ರವೊಂದು, ಕೆಳ ರೈನ್ ಸೀಮೆಯ ಸಣ್ಣ ಊರೊಂದು 1939ರಿಂದ ಹೂತಿಟ್ಟದ್ದನ್ನು ಮೇಲೆತ್ತುತ್ತದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಓದಿದ ಕನ್ನಡಿಗರಿಗೆ ಈ ದಾರಿ ಅಪರಿಚಿತವಲ್ಲ. ಅಲ್ಲಿ ತನಿಖೆಗೆಂದು ಬಂದ ಅಧಿಕಾರಿಗೆ ಕೆಸರೂರು ಉತ್ತರ ಕೊಡುವ ಬದಲು ತನ್ನನ್ನೇ ಬಿಚ್ಚಿ ತೋರಿಸುತ್ತದೆ.

ಈ ಕೃತಿಗಳನ್ನು ನಮ್ಮಲ್ಲಿ ಬಹುತೇಕರು ಓದುವುದು ಇಂಗ್ಲಿಷಿನ ಮೂಲಕ. ‘ಟಾನ್ಯೋಡ್’ ಅನ್ನು ಆಂಥಿಯಾ ಬೆಲ್ ಅವರಂಥ ನುರಿತವರು ಅನುವಾದಿಸಿದ್ದಾರೆ. ಆದರೂ ಯೆಶ್ಕಳ ಆಡುನುಡಿಗೂ ಪಾದ್ರಿಯ ಗ್ರಂಥಭಾಷೆಗೂ ನಡುವಿನ ಕಂದಕ ಇಂಗ್ಲಿಷಿನಲ್ಲಿ ಅರ್ಧ ತುಂಬಿಹೋಗುತ್ತದೆ. ಕನ್ನಡಕ್ಕೆ ಆ ಕಂದಕ ಹುಟ್ಟಿನಿಂದ ಪರಿಚಿತ. ಸಾಕ್ಷಿ ನುಡಿಯುವವರ ಜಾತಿ, ವಯಸ್ಸು, ಸೀಮೆ ಎಲ್ಲವೂ ನಮ್ಮಲ್ಲಿ ಬಾಯಿ ತೆರೆದ ಮೊದಲ ಮಾತಿನಲ್ಲಿಯೇ ತಿಳಿಯುತ್ತದೆ. ನಾವು ನೆಲೆಸಿರುವ ಪುಣೆ, ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಮ್ಯಾಕ್ಸ್ ಮ್ಯುಲ್ಲರ್ ಭವನಗಳಿವೆ. ಉದ್ಯೋಗಕ್ಕಾಗಿ ಜರ್ಮನ್ ಕಲಿತ ಕನ್ನಡದ ತರುಣ ತರುಣಿಯರೂ ನಮ್ಮ ನಡುವೆ ಇದ್ದಾರೆ. ಜರ್ಮನ್ನಿನಿಂದ ನೇರವಾಗಿ, ಯೆಶ್ಕಳಿಗೆ ಒಂದು ಸೀಮೆಯ ಕನ್ನಡವನ್ನು ಕೊಟ್ಟು ಫೊಂಟಾನ ಅವರನ್ನು ತರುವ ಕೆಲಸವನ್ನು ಅವರಲ್ಲಿ ಒಬ್ಬರಾದರೂ ಕೈಗೆತ್ತಿಕೊಳ್ಳಲಿ.

ಹೊರನಾಡಿನವರಾದ ನಮಗೆ ಈ ಓದು ಇನ್ನೊಂದು ಕಾರಣಕ್ಕೂ ಅಗತ್ಯ. ‘ಟಾನ್ಯೋಡ್’ ಆರಂಭವಾಗುವುದು ಊರಿನವರ ಮಾತಿನಿಂದಲ್ಲ. ಯುದ್ಧ ಮುಗಿದ ಮೊದಲ ಬೇಸಗೆಯನ್ನು ಆ ಹಳ್ಳಿಯ ದೂರದ ನೆಂಟರ ಮನೆಯಲ್ಲಿ ಕಳೆದು, ಅದನ್ನು ಶಾಂತಿಯ ಕೊನೆಯ ದ್ವೀಪವೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನಿರೂಪಕ ದನಿಯೊಂದು, ಕೊಲೆಯ ಸುದ್ದಿ ಓದಿ ಅಲ್ಲಿಗೆ ಹಿಂದಿರುಗುತ್ತದೆ. ದೂರದಲ್ಲಿರುವವರು ಊರನ್ನು ಹೀಗೆಯೇ ಇಟ್ಟುಕೊಳ್ಳುತ್ತಾರೆ. ನಮ್ಮ ಸಂಘಗಳ ವೇದಿಕೆಗಳಲ್ಲಿ ಊರೆಂದರೆ ಜಾತ್ರೆ, ಹಬ್ಬದೂಟ, ಮಳೆಗಾಲದ ಮಣ್ಣಿನ ವಾಸನೆ. ಅವು ಸುಳ್ಳಲ್ಲ. ಆದರೆ ಕೇರಿಯ ಬಾವಿಗೆ ಯಾರು ಹೋಗಬಾರದಿತ್ತು, ಯಾವ ಮನೆಯ ಸೊಸೆಯ ಸಾವಿನ ಬಗ್ಗೆ ಯಾರೂ ಬಾಯಿಬಿಡಲಿಲ್ಲ, ಯಾರ ಹೊಲ ಯಾವ ಸಾಲದ ಪತ್ರದಲ್ಲಿ ಕರಗಿಹೋಯಿತು ಎಂಬುದೂ ಅದೇ ಊರಿನ ಅರಿವಿನಲ್ಲಿತ್ತು. ಹೈಮಾಟನ್ನು ಬರಿಯ ಹಸಿರಾಗಿ ಕಂಡ ಸಿನಿಮಾಗಳು ಜರ್ಮನರಿಗೆ ಕೆಲಕಾಲ ನೆಮ್ಮದಿ ಕೊಟ್ಟವು. ಊರನ್ನು ಸಾಕ್ಷಿಕಟ್ಟೆಗೆ ಕರೆದ ಕಥೆಗಳು ನೆಮ್ಮದಿ ಕೆಡಿಸಿದವು. ಊರನ್ನು ನಿಜವಾಗಿ ಪ್ರೀತಿಸುವವರು ಎರಡನೆಯ ಬಗೆಯ ಕಥೆಗಳನ್ನೇ ಓದಬೇಕು, ಬರೆಯಲೂ ಬೇಕು ಎಂದು ನಾವು ನಂಬುತ್ತೇವೆ.